ಬೈಗುಳ ನಿಂತ ಮನೆ

"ನಿಮ್ಮ ಮಗಳು ಗೊರಕೆ ಹೊಡೀತಿದ್ದಾಳಲ್ರೀ!" ಯಂತ್ರ ನಡೆಸುವಾತ ಕಿವಿಯ ಮೇಲಿನ ಹೆಡ್‌ಫೋನ್ ಸರಿಸಿ ತಾಯಿಯ ಕಡೆ ತಿರುಗಿದ. ಹೊಟ್ಟೆ ಬಂದ, ಅರೆಬೋಳು ತಲೆಯ ಮನುಷ್ಯ. "ಇದರೊಳಗೆ ಅತ್ತವರನ್ನ ನೋಡಿದೀನಿ, ಒದ್ದಾಡಿದವರನ್ನ ನೋಡಿದೀನಿ, ವಾಂತಿ ಮಾಡ್ಕೊಂಡವರನ್ನೂ ನೋಡಿದೀನಿ. ಗೊರಕೆ ಮಾತ್ರ ಇದೇ ಮೊದಲು."

ಗಾಜಿನಾಚೆಯ ಕೋಣೆಯಲ್ಲಿ ದೊಡ್ಡ ಬಿಳಿ ಸುರಂಗದ ಬಾಯಿಂದ ಹತ್ತು ವರ್ಷದ ಹುಡುಗಿಯ ಎರಡು ಪಾದ ಮಾತ್ರ ಕಾಣುತ್ತಿದ್ದವು. ಯಂತ್ರ ತಗಡಿನ ಮೇಲೆ ಸುತ್ತಿಗೆ ಬಡಿದ ಹಾಗೆ ಬಡಿಯುತ್ತಿತ್ತು, ನಡುನಡುವೆ ಗುಂಯ್ ಎಂದು ಎಳೆಯುತ್ತಿತ್ತು. ಈ ಸದ್ದಿಗೆ ಮಕ್ಕಳು ಹೆದರಬಾರದೆಂದು ಮರದ್ದೊಂದು ಸುಳ್ಳು ಸುರಂಗ ಮಾಡಿಟ್ಟು, ಅದರಲ್ಲಿ ಮಲಗಿಸಿ, ಅಲ್ಲಾಡದೆ ಇರುವ ಆಟ ಆಡಿಸಿ, ಆಮೇಲೆ ನಿಜವಾದದ್ದಕ್ಕೆ ಕಳಿಸುವುದು ಅಲ್ಲಿಯ ಪದ್ಧತಿ. ಈ ಹುಡುಗಿಗೆ ಅದರ ಅಗತ್ಯವೇ ಬೀಳಲಿಲ್ಲ.

"ನಮ್ಮದು ಹಾಸಿಗೆ ಅಂಗಡಿ ಸಾರ್," ಎಂದಳು ತಾಯಿ, ನಗು ತಡೆಯುತ್ತ. "ಹತ್ತಿ ಹಿಂಜೋ ಮಿಶಿನ್ ಪಕ್ಕದಲ್ಲೇ ಇವಳ ತೊಟ್ಟಿಲು. ಕರೆಂಟ್ ಹೋಗಿ ಮಿಶಿನ್ ನಿಂತ್ರೆ ಎದ್ದು ಅಳೋಳು."

ಆದರೆ ನಿದ್ದೆ ಮಾಡಿದರೆ ಕೆಲಸ ಆಗುವುದಿಲ್ಲ. ಸುರಂಗದೊಳಗಿನ ಕನ್ನಡಿಯಲ್ಲಿ ಮುಖಗಳ ಚಿತ್ರಗಳು ಬರುತ್ತವೆ, ನಗುವ ಮುಖ, ಹೆದರಿದ ಮುಖ, ಸಿಟ್ಟಿನ ಮುಖ. ಅವನ್ನು ನೋಡುವಾಗ ಮಿದುಳಿನಲ್ಲಿ ಏನೇನು ಆಗುತ್ತದೆ ಎಂಬುದನ್ನು ಯಂತ್ರ ಹಿಡಿಯಬೇಕು. ಆತ ಮೈಕಿನಲ್ಲಿ ಕೂಗಿ ಎಬ್ಬಿಸಿದ. ಕೆಲಸ ಮುಗಿಸಿ ಕಣ್ಣುಜ್ಜುತ್ತ ಹೊರಗೆ ಬಂದ ಹುಡುಗಿ ಮೊದಲು ಹೇಳಿದ್ದು, "ಅಮ್ಮಾ, ಆ ಸಿಟ್ಟಿನ ಮುಖದವರು ಸುಮ್ಮಸುಮ್ಮನೆ ಹುಬ್ಬು ಗಂಟು ಹಾಕ್ಕೊಂಡಿದ್ರು. ಅಜ್ಜಿ ಹತ್ರ ಬಂದು ಕಲೀಬೇಕು ಅವರು."

ಹುಡುಗಿಗೆ ಮನೆಯಲ್ಲಿ ಉಂಡೆ ಎಂದು ಕರೆಯುತ್ತಿದ್ದರು. ಹುಟ್ಟಿದಾಗ ಹತ್ತಿಯ ಉಂಡೆಯ ಹಾಗಿದ್ದಳಂತೆ. ಈಗ ಕಡ್ಡಿಯ ಹಾಗೆ ಉದ್ದ ಬೆಳೆದಿದ್ದಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ಅವಳ ತಾಯಿ ಆ ಮನೆಗೆ, ಅಂಗಡಿಗೆ, ಗಿರಾಕಿಗಳಿಗೆ, ಎಲ್ಲರಿಗೂ 'ಸೊಸೆ'. ಮಕ್ಕಳ ಮಿದುಳಿನ ಚಿತ್ರ ತೆಗೆದು, ಮುಂದೆ ಅವರ ಮನಸ್ಸಿಗೆ ತೊಂದರೆ ಬರುತ್ತದೋ ಇಲ್ಲವೋ ಮೊದಲೇ ತಿಳಿಯಬಹುದೇ ಎಂದು ದೊಡ್ಡಾಸ್ಪತ್ರೆಯವರು ನೋಡುತ್ತಿದ್ದಾರೆ, ಇಷ್ಟವಿದ್ದವರು ಬರಬಹುದು ಎಂದು ಶಾಲೆಯಲ್ಲಿ ಹೇಳಿದಾಗ ಗಂಡನ ಮಾತು ಕೇಳದೆ ಒಪ್ಪಿಕೊಂಡವಳು ಅವಳೇ. "ಮನೆಯಲ್ಲಿ ಯಾರಿಗಾದ್ರೂ ಮನಸ್ಸಿನ ಕಾಯಿಲೆ ಇತ್ತಾ?" ಎಂದು ಡಾಕ್ಟರಮ್ಮ ಕೇಳಿದಾಗ, ಗಂಡ ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕೂತ. ಸೊಸೆ "ಇತ್ತು" ಎಂದಳು.

ಇದ್ದದ್ದು ಗಂಡನ ತಂಗಿಗೆ, ಉಂಡೆಯ ಸಣ್ಣತ್ತೆಗೆ. ಹದಿನೇಳರ ಹುಡುಗಿ ಒಂದು ದಿನ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲು ಒಲ್ಲೆ ಎಂದಿದ್ದಳಂತೆ. ಸೋಮಾರಿ ಎಂದರು, ಓದಿನ ಕಳ್ಳಿ ಎಂದರು. ಹೀಗೇ ಎರಡು ವರ್ಷ ಎಳೆದು, ಕೊನೆಗೊಂದು ಬೆಳಿಗ್ಗೆ ಬಾಗಿಲು ಒಡೆದು ಒಳಗೆ ಹೋಗಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಬದುಕಿದಳು. ಈಗ ಸರಿಯಾಗಿದ್ದಾಳೆ. ಅಂಗಡಿಯ ಹಾಸಿಗೆಗಳಿಗೆ ಅಂಚು ಹೊಲಿಯುವುದು ಅವಳೇ, ಊಟವಾದ ಮೇಲೆ ಮಾತ್ರೆ ನುಂಗುವುದೂ ತಪ್ಪಿಲ್ಲ. ಆ ಮಾತ್ರೆ ಯಾತಕ್ಕೆ ಎಂದು ಉಂಡೆ ಕೇಳಿದಾಗಲೆಲ್ಲ ಮನೆಯವರು "ಶಕ್ತಿಗೆ" ಎನ್ನುತ್ತಿದ್ದರು. ಇದೆಲ್ಲ ಸೊಸೆ ಆ ಮನೆಗೆ ಕಾಲಿಡುವ ಮೊದಲಿನ ಕಥೆ. ಅವಳಿಗೆ ಗೊತ್ತಾದದ್ದೂ ಗಂಡನ ಬಾಯಿಂದ, ತುಂಡುತುಂಡಾಗಿ.

ಚಿತ್ರ ತೆಗೆದು ಕೆಲವು ವಾರ ಕಳೆದ ಮೇಲೆ ಡಾಕ್ಟರಮ್ಮ ಕರೆಸಿದರು. ತಿಳಿದುಕೊಳ್ಳುವ ಮನಸ್ಸಿದ್ದವರು ಮಾತ್ರ ಬಂದರೆ ಸಾಕು ಎಂದಿದ್ದರು. ಗಂಡ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋ ಜನ. ನಾನು ಬರಲ್ಲ," ಎಂದು ಹತ್ತಿಯ ಮೂಟೆ ಬಿಚ್ಚುತ್ತ ಕೂತ. ಸೊಸೆ ಒಬ್ಬಳೇ ಹೋದಳು.

ಡಾಕ್ಟರಮ್ಮ ಸಣ್ಣ ಮೈಯ ಹೆಂಗಸು. ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಕೂತಿದ್ದರು. "ಮೊದಲೇ ಹೇಳ್ತೀನಿ, ಇದು ಕಾಯಿಲೆ ಅಲ್ಲ," ಎಂದರು. "ಭಯ, ದುಃಖ ಇವನ್ನೆಲ್ಲ ಹಿಡಿತದಲ್ಲಿ ಇಟ್ಟುಕೊಳ್ಳೋ ಭಾಗ ಮಿದುಳಲ್ಲಿ ಇರುತ್ತೆ. ನಿಮ್ಮ ಮಗಳಲ್ಲಿ ಅದು ಬೆಳೀತಿರೋ ರೀತಿ ಸ್ವಲ್ಪ ಬೇರೆ. ಹೀಗಿರೋ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಿಗೆ ದೊಡ್ಡವರಾಗೋ ಹೊತ್ತಿಗೆ ಮನಸ್ಸು ಕುಗ್ಗೋದು, ಅಂಥದ್ದು ಬರಬಹುದು. ಯಾರಿಗೆ ಅಂತ ಹೇಳೋಷ್ಟು ಜಾಣರಲ್ಲ ನಾವು. ಅದಕ್ಕೇ ಆರು ತಿಂಗಳಿಗೊಮ್ಮೆ ಕರ್ಕೊಂಡು ಬನ್ನಿ, ಮಾತಾಡಿಸ್ತಾ ಇರೋಣ. ಮನೇಲಿ ಯಾವಾಗಲೂ ಹೇಗಿರ್ತೀರೋ ಹಾಗೇ ಇರಿ."

ಸೊಸೆ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದಳು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು ಮನೆಯಲ್ಲಿ ಒಪ್ಪಿಸಿದಳು. ಕೊನೆಯ ಮಾತೊಂದನ್ನು ಬಿಟ್ಟು. ಅದನ್ನು ಅವಳು ಹೋಗಿ ಬನ್ನಿ ಎನ್ನುವ ಹಾಗೆ ಹೇಳುವ ಉಪಚಾರದ ಮಾತು ಎಂದುಕೊಂಡಿದ್ದಳು.

ಈ ಮನೆ ಯಾವಾಗಲೂ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ಕೆಳಗೆ ಅಂಗಡಿ, ಮೇಲೆ ಮನೆ. ಹಗಲೆಲ್ಲ ಮಿಶಿನ್ನಿನ ಸದ್ದು. ಹಾಗಾಗಿ ಆ ಮನೆಯವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರಲಿಲ್ಲ. ಉಪ್ಪು ಕೊಡು ಎಂದರೂ ಬೀದಿಗೆ ಕೇಳಿಸುತ್ತಿತ್ತು. ಅದರ ಮೇಲೆ ಅಜ್ಜಿಯ ಬಾಯಿ. ಬೆಳಿಗ್ಗೆ ಹಾಲಿನವನಿಂದ ಶುರುವಾದರೆ ಮಗ, ಸೊಸೆ, ಮೊಮ್ಮಗಳು, ಕೊನೆಗೆ ಸರಿಯಾಗಿ ಮುಚ್ಚಿಕೊಳ್ಳದ ಕಿಟಕಿಯವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. "ಎದ್ಯಾ ಮಹಾರಾಣಿ? ಸೂರ್ಯ ನಿನ್ನ ಕೇಳ್ಕೊಂಡು ಹುಟ್ಟಬೇಕಿತ್ತಾ?" "ಆ ತಲೆ ನೋಡು, ಹದ್ದು ಗೂಡು ಕಟ್ಟೋಕೆ ಜಾಗ ಹುಡುಕ್ತಿದೆ, ಬಾ ಇಲ್ಲಿ ಬಾಚ್ತೀನಿ." ಬೈಯುತ್ತಲೇ ಬಾಚುವುದು, ಬೈಯುತ್ತಲೇ ಬಡಿಸುವುದು. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂಬ ಗಾದೆಯನ್ನು ಅಜ್ಜಿ ತನಗಾಗಿಯೇ ಮಾಡಿದ್ದು ಎಂದು ನಂಬಿದ್ದಳು. ಹೋದ ವರ್ಷ ತೀರಿಕೊಂಡ ತಾತನಂತೂ ನಲವತ್ತೈದು ವರ್ಷ ಆ ಬೈಗುಳವನ್ನು ರೇಡಿಯೋದ ಹಾಗೆ ಕೇಳಿಕೊಂಡೇ ಹತ್ತಿ ಹಿಂಜಿದ್ದ.

ಅಜ್ಜಿ ಬೈಯದೆ ಬಿಟ್ಟದ್ದು ಸಣ್ಣತ್ತೆಯೊಬ್ಬಳನ್ನೇ. ಮದುವೆಯಾದ ಹೊಸದರಲ್ಲಿ ಸೊಸೆ ಇದನ್ನು ಕಂಡು, "ಮಗಳಿಗೊಂದು ನ್ಯಾಯ, ಸೊಸೆಗೊಂದು ನ್ಯಾಯ," ಎಂದು ಗಂಡನೆದುರು ಮೂಗು ಮುರಿದಿದ್ದಳು. ಗಂಡ ಆ ದಿನ ಎದ್ದು ಕೆಳಗೆ ಹೋಗಿ ಮಿಶಿನ್ ಹಚ್ಚಿದ್ದ.

ಈಗ, ಸೊಸೆ ಆಸ್ಪತ್ರೆಯಿಂದ ತಂದ ಸುದ್ದಿ ಕೇಳಿದ ಮಾರನೆಯ ಬೆಳಿಗ್ಗೆ, ಅಜ್ಜಿ ಉಂಡೆಯ ಹಾಸಿಗೆಯ ಪಕ್ಕ ಕೂತು, "ಏಳಮ್ಮ ಕಂದ, ಹೊತ್ತಾಯ್ತು," ಎಂದಳು. ಉಂಡೆ ಕಣ್ಣು ಬಿಟ್ಟವಳು ಅಜ್ಜಿಯ ಮುಖವನ್ನೇ ದಿಟ್ಟಿಸಿ ನೋಡಿದಳು.

ಯಾರೂ ಕೂತು ಮಾತಾಡಿಕೊಂಡದ್ದಲ್ಲ. ತನ್ನಷ್ಟಕ್ಕೆ ಮನೆಯೆಲ್ಲ ಪಿಸುಮಾತಿಗೆ ಇಳಿಯಿತು. ಉಂಡೆ ಶಾಲೆಯಿಂದ ಬರುವ ಹೊತ್ತಿಗೆ ಅವಳಪ್ಪ ಮಿಶಿನ್ ನಿಲ್ಲಿಸತೊಡಗಿದ, ಅರ್ಧಂಬರ್ಧ ಹಿಂಜಿದ ಹತ್ತಿ ಗುಡ್ಡೆ ಬಿದ್ದಿರುತ್ತಿತ್ತು. ಸೊಸೆ ಪರೀಕ್ಷೆಯ ಅಂಕ ಕೇಳುವುದನ್ನು ಬಿಟ್ಟಳು. ಒಮ್ಮೆ ಉಂಡೆ ಗಿರಾಕಿಯೊಬ್ಬರ ಬಿಳಿ ರಜಾಯಿಯ ಮೇಲೆ ಇಡೀ ಶಾಯಿಯ ಬಾಟಲಿ ಕೆಡವಿದಳು. ಭುಜ ಎತ್ತಿ, ಕಣ್ಣು ಮುಚ್ಚಿ, ಬೈಗುಳಕ್ಕೆ ತಯಾರಾಗಿ ನಿಂತಳು. ಅಜ್ಜಿ ಬಂದು ನೋಡಿ, ತುಟಿ ಕಚ್ಚಿಕೊಂಡು, "ಇರ್ಲಿ ಬಿಡು ಕಂದ, ಕೈ ತಪ್ಪೋದು ಯಾರಿಗಿಲ್ಲ," ಎಂದಳು. ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ಸೊಸೆ ಅದನ್ನು ಕಂಡಳು, ಪಶ್ಚಾತ್ತಾಪ ಎಂದುಕೊಂಡಳು.

ಆಮೇಲಾಮೇಲೆ ಉಂಡೆ ತಟ್ಟೆಯಲ್ಲಿ ಅನ್ನ ಬಿಡತೊಡಗಿದಳು. ಮಿಶಿನ್ನಿನ ಪಕ್ಕದಲ್ಲೂ ಸತ್ತಂತೆ ಮಲಗುತ್ತಿದ್ದವಳು ಈಗ ರಜೆಯ ದಿನ ಮಧ್ಯಾಹ್ನವೂ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದಳು. ಆಟಕ್ಕೆ ಕರೆದರೆ ಹೋಗುವುದಿಲ್ಲ, ಒಬ್ಬಳೇ ಕೂತಿರುತ್ತಾಳೆ ಎಂದು ಶಾಲೆಯ ಮೇಷ್ಟ್ರು ಹೇಳಿಕಳಿಸಿದರು. ಒಂದು ಸಂಜೆ ಸೊಸೆ ಮೆಟ್ಟಿಲು ಹತ್ತಿ ಬಂದು ನೋಡಿದರೆ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಬಂತು, ಡಾಕ್ಟರಮ್ಮ ಹೇಳಿದ್ದು ಬಂದೇಬಿಟ್ಟಿತು, ಇಷ್ಟು ಬೇಗ, ಇಷ್ಟು ಚಿಕ್ಕ ವಯಸ್ಸಿಗೆ. ಬಾಗಿಲ ಹಿಂದೆ ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆರು ತಿಂಗಳ ಭೇಟಿಯ ದಿನ ಬಂತು. ಈ ಸಲ ಉಂಡೆ ಸುರಂಗದೊಳಗೆ ನಿದ್ದೆ ಮಾಡಲಿಲ್ಲ. "ಏನಮ್ಮ, ಇವತ್ತು ಗೊರಕೆ ಕಚೇರಿ ಇಲ್ವಾ?" ಎಂದು ಯಂತ್ರದಾತ ಕೇಳಿದರೆ ನಗಲೂ ಇಲ್ಲ. ಡಾಕ್ಟರಮ್ಮನ ಕೋಣೆಗೆ ಹೋದ ಕೂಡಲೇ ಸೊಸೆ ತಡೆಯಲಾರದೆ ಶುರುಮಾಡಿದಳು, "ಡಾಕ್ಟ್ರೇ, ಊಟ ಸೇರ್ತಿಲ್ಲ, ನಿದ್ದೆ ಇಲ್ಲ, ನಮ್ಮ ನಾದಿನಿಗೂ ಮೊದಮೊದಲು ಹೀಗೇ…"

"ಒಂದು ನಿಮಿಷ ಅಮ್ಮ," ಎಂದರು ಡಾಕ್ಟರಮ್ಮ. ಕುರ್ಚಿಯನ್ನು ಹುಡುಗಿಯ ಎದುರಿಗೆ ಎಳೆದುಕೊಂಡರು. "ನಾನು ನಿನ್ನ ಎಷ್ಟೊಂದು ಪ್ರಶ್ನೆ ಕೇಳ್ತೀನಿ ಅಲ್ವಾ? ಇವತ್ತು ನೀನು ಕೇಳು. ನನ್ನ ಏನಾದ್ರೂ ಕೇಳಬೇಕು ಅನ್ಸಿದೆಯಾ?"

ಉಂಡೆ ಅಮ್ಮನನ್ನು ನೋಡಿದಳು, ನೆಲ ನೋಡಿದಳು. ಡಾಕ್ಟರಮ್ಮ ಕಾದರು. ಅವಸರವೇ ಇಲ್ಲದವರ ಹಾಗೆ ಕಾದರು.

"ನಾನು ಸಾಯೋದು ಈ ವರ್ಷಾನಾ, ಮುಂದಿನ ವರ್ಷಾನಾ?"

ಸೊಸೆ ಕುರ್ಚಿಯಿಂದ ಅರ್ಧ ಎದ್ದಳು. ಡಾಕ್ಟರಮ್ಮ ಅವಳ ಕಡೆ ತಿರುಗಲೂ ಇಲ್ಲ. "ಸಾಯ್ತೀಯ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅಜ್ಜಿ ನನಗೆ ಬೈಯೋದು ಬಿಟ್ಬಿಟ್ರು."

"ಬೈಯೋದು ಬಿಟ್ರೆ ಒಳ್ಳೇದಲ್ವಾ?"

"ಅಲ್ಲ," ಎಂದಳು ಉಂಡೆ, ಇಷ್ಟೂ ತಿಳಿಯದೇ ಎನ್ನುವ ಹಾಗೆ. "ತಾತನಿಗೆ ದಿನಾ ಬೈತಿದ್ರು. ಡಾಕ್ಟ್ರು ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದ ದಿನದಿಂದ ಒಂದ್ಸಲಾನೂ ಬೈಲಿಲ್ಲ. ಮೆತ್ತಗೆ ಮಾತಾಡಿಸ್ತಿದ್ರು. ಆಮೇಲೆ ತಾತ ಸತ್ತೋದ್ರು. ನಾನು ಶಾಯಿ ಚೆಲ್ಲಿದೆ, ಬೈಲಿಲ್ಲ. ಮತ್ತೆ ಬೇಕೂಂತಲೇ ಹಾಲು ಚೆಲ್ಲಿದೆ, ಆಗ್ಲೂ ಬೈಲಿಲ್ಲ. ಅಪ್ಪ ಮಿಶಿನ್ ನಿಲ್ಲಿಸ್ತಾರೆ. ತಾತನಿಗೂ ನಿಲ್ಲಿಸಿದ್ರು. ಸಣ್ಣತ್ತೆಗೂ ಬೈಯಲ್ಲ. ಅವರಿಗೂ ಏನೋ ಇದೆ. ಯಾರೂ ಹೇಳಲ್ಲ."

ಸೊಸೆಗೆ ಅಳು ಬಂತೋ ನಗು ಬಂತೋ ಅವಳಿಗೇ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ಬಂದಿರಬೇಕು. ಎದ್ದು ಮಗಳನ್ನು ಬಾಚಿ ತಬ್ಬಿಕೊಂಡಳು. ಆರು ತಿಂಗಳು. ಈ ಕೂಸು ಆರು ತಿಂಗಳಿಂದ ತನ್ನ ಸಾವನ್ನು ತಾನೊಬ್ಬಳೇ ಹೊತ್ತುಕೊಂಡು ಶಾಲೆಗೆ ಹೋಗಿ ಬರುತ್ತಿದೆ, ಮನೆತುಂಬ ಜನ ಇದ್ದೂ.

ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಚಿತ್ರ ತೋರಿಸಿದರು. ಇದು ನಿನ್ನ ಮಿದುಳು, ಇದರಲ್ಲಿ ಗೆಡ್ಡೆಯಿಲ್ಲ, ಗಾಯವಿಲ್ಲ, ನೀನು ಸಾಯುತ್ತೀಯ ಎಂದು ಹೇಳುವಂಥದ್ದು ಒಂದೂ ಇಲ್ಲ ಎಂದರು. "ದೊಡ್ಡವಳಾಗ್ತಾ ಮನಸ್ಸು ಭಾರ ಆಗೋದು ಬೇರೆಯವರಿಗಿಂತ ನಿನಗೆ ಸ್ವಲ್ಪ ಹೆಚ್ಚು ಬರಬಹುದು. ಬರದೇನೂ ಇರಬಹುದು. ಬಂದ್ರೆ ಬಾಯಿ ಬಿಟ್ಟು ಹೇಳು, ಇವತ್ತು ಹೇಳಿದ ಹಾಗೆ. ಹೇಳಿದ್ರೆ ಮಾಡೋದು ಬೇಕಾದಷ್ಟಿದೆ."

"ಅಷ್ಟೇನಾ?" ಎಂದಳು ಉಂಡೆ.

"ಅಷ್ಟೇ."

"ಅಷ್ಟಕ್ಕೆ ಇಷ್ಟೆಲ್ಲ ಮಾಡಿದ್ರಾ ಇವರು!" ಸೊಸೆಯ ತೋಳಿನೊಳಗಿಂದಲೇ ಹುಡುಗಿಯ ದನಿ ಮನೆಯ ಎತ್ತರಕ್ಕೆ ಏರಿತು.

ಡಾಕ್ಟರಮ್ಮ ಸೊಸೆಯ ಕಡೆ ನೋಡಿದರು. "ಯಾವಾಗಲೂ ಹೇಗಿರ್ತೀರೋ ಹಾಗೇ ಇರಿ ಅಂದಿದ್ದೆನಲ್ಲ ಅಮ್ಮ?"

ಸೊಸೆ ಅವರ ಎರಡೂ ಕೈ ಹಿಡಿದುಕೊಂಡಳು, ಬಿಡಲು ಮನಸ್ಸಾಗಲಿಲ್ಲ. ಆ ಚಿತ್ರ ಇಲ್ಲದಿದ್ದರೆ ಮನೆಯಲ್ಲಿ ಈ ಗೊಂದಲವೇ ಏಳುತ್ತಿರಲಿಲ್ಲ, ನಿಜ. ಆದರೆ ಆ ಚಿತ್ರ ಇಲ್ಲದಿದ್ದರೆ ಒಂದು ಮಗುವಿನ ಎದುರು ಕುರ್ಚಿ ಎಳೆದುಕೊಂಡು ಕೂತು, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವವರು ಯಾರಿದ್ದರು? ನಾದಿನಿಯನ್ನು ಎರಡು ವರ್ಷ ಒಬ್ಬರೂ ಕೇಳಿರಲಿಲ್ಲ. ಹೊರಗೆ ಬಂದು, ಬೆಂಚಿನ ಮೇಲೆ ಕೂತು, ಆ ಯಂತ್ರಕ್ಕೆ, ಅದನ್ನು ಕಂಡುಹಿಡಿದ ಯಾರೋ ಪುಣ್ಯಾತ್ಮರಿಗೆ, ಬರಿಗಾಲಿನ ಆ ಹೆಂಗಸಿಗೆ, ಶಾಲೆಯ ಮೇಷ್ಟ್ರಿಗೆ, ಎಲ್ಲರಿಗೂ ಸೊಸೆ ಮನಸ್ಸಿನಲ್ಲೇ ಕೈ ಮುಗಿದಳು. ಮುಗಿದಷ್ಟೂ ಸಾಲದು ಅನಿಸಿತು.

ಮನೆಗೆ ಬರುವ ದಾರಿಯಲ್ಲಿ ಉಂಡೆ ಕೇಳಿದಳು, "ಸಣ್ಣತ್ತೆಗೆ ಬಂದಿತ್ತಾ ಅದು, ಮನಸ್ಸು ಭಾರ ಆಗೋದು?"

"ಬಂದಿತ್ತು. ಉಳಿದಿದ್ದನ್ನ ಅವಳನ್ನೇ ಕೇಳು."

ಕೇಳಿಯೂಬಿಟ್ಟಳು. ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, ಚಪ್ಪಲಿಯನ್ನೂ ಬಿಡದೆ, ಅರ್ಧ ಹೊಲಿದ ಹಾಸಿಗೆಯ ಪಕ್ಕ ಕೂತಿದ್ದ ಸಣ್ಣತ್ತೆಯ ಮುಂದೆ ನಿಂತು ಕೇಳಿದಳು. ಅಪ್ಪ ಮಿಶಿನ್ನಿನ ಗುಂಡಿಯ ಮೇಲೆ ಕೈಯಿಟ್ಟವನು ಹಾಗೇ ನಿಂತ. ಒಳಬಾಗಿಲಲ್ಲಿ ಅಜ್ಜಿ ನಿಂತಳು.

ಸಣ್ಣತ್ತೆ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. "ಹೇಳ್ಲಾ ಅತ್ತಿಗೆ?" ಸೊಸೆ ತಲೆಯಾಡಿಸಿದಳು.

"ಬಂದಿತ್ತು ಕಣೇ. ಎದೆ ಮೇಲೆ ಒಂದು ಒದ್ದೆ ಹಾಸಿಗೆ ಹೇರಿದ ಹಾಗೆ. ಏಳೋಕೇ ಆಗ್ತಿರಲಿಲ್ಲ. ಯಾರಿಗೆ ಹೇಳೋದು, ಏನಂತ ಹೇಳೋದು ಗೊತ್ತಿರಲಿಲ್ಲ. ಈಗ ಮಾತ್ರೆ ತಗೋತೀನಿ, ಚೆನ್ನಾಗಿದೀನಿ. ಮಾತ್ರೆ ಶಕ್ತಿಗಲ್ಲ, ಅದಕ್ಕೆ." ಕೈಲಿದ್ದ ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟು, "ನಿನಗೇನಾದ್ರೂ ಹಾಗನ್ಸಿದ್ರೆ ಮೊದಲು ನನಗೆ ಹೇಳು. ನನಗೆ ಬಿಡಿಸಿ ಹೇಳೋದೇ ಬೇಡ, ಅರ್ಧ ಮಾತು ಸಾಕು," ಎಂದಳು.

"ಅಜ್ಜಿ ನಿಮಗೂ ಅದಕ್ಕೇ ಬೈಯಲ್ವಾ?"

ಆಗ ಒಳಬಾಗಿಲಿಂದ ಅಜ್ಜಿಯ ದನಿ ಬಂತು. ಆ ಮನೆಯಲ್ಲಿ ಅಷ್ಟು ಸಣ್ಣ ದನಿಯನ್ನು ಯಾರೂ ಕೇಳಿರಲಿಲ್ಲ. "ನನ್ನ ಬಾಯೇ ಅವಳನ್ನ ಹಾಗೆ ಮಾಡಿದ್ದು. ಎದ್ದೇಳೇ ಸೋಮಾರಿ ಅಂತ ದಿನಾ ಅಂದೆ. ಕಾಯಿಲೆ ಬಿದ್ದವಳಿಗೆ ಅಂದೆ. ಇನ್ನು ಇವಳಿಗೂ ಯಾಕೆ ಅಂತ ಹಲ್ಲು ಕಚ್ಕೊಂಡಿದ್ದೆ. ಈ ಬಾಯಿಗೆ ಬೀಗ ಮೊದಲೇ ಹಾಕಬೇಕಿತ್ತು."

"ಅಮ್ಮ," ಎಂದಳು ಸಣ್ಣತ್ತೆ. "ಅದರಿಂದ ಬಂದಿದ್ದಲ್ಲ ಅದು. ಡಾಕ್ಟ್ರು ನನಗೆ ಆವತ್ತೇ ಹೇಳಿದ್ರು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ನೂಲನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಮುಂದುವರಿದಳು. "ನೋವಾಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಸೋಮಾರಿ ಅಂದಾಗ ತುಂಬಾ ನೋವಾಗ್ತಿತ್ತು. ಆದ್ರೆ ಆಗ ನನಗೆ ಯಾರ ದನೀನೂ ಸರಿಯಾಗಿ ಮುಟ್ತಿರಲಿಲ್ಲ, ನಿನ್ನದೊಂದು ಗೋಡೆ ದಾಟಿ ಒಳಗೆ ಬರ್ತಿತ್ತು. ಅಮ್ಮ ಅಲ್ಲೇ ಇದಾಳೆ ಅನ್ಕೋತಿದ್ದೆ. ಆಸ್ಪತ್ರೆಯಿಂದ ಬಂದ್ಮೇಲೆ ಅದೂ ನಿಂತುಹೋಯ್ತು. ಮನೆಗೆ ಬಂದ ನೆಂಟರನ್ನ ಮಾತಾಡಿಸೋ ಹಾಗೆ ಮಾತಾಡಿಸ್ತೀಯ ನನ್ನ. ಇಪ್ಪತ್ತು ವರ್ಷದಿಂದ."

ಸೊಸೆಗೆ ತಾನು ಮೂಗು ಮುರಿದದ್ದು ನೆನಪಾಗಿ ನಾಚಿಕೆಯಾಯಿತು. ಉಂಡೆ ಹೊಟ್ಟೆ ಹಸಿದಿದೆ ಎಂದು ಗಟ್ಟಿಯಾಗಿ ಹೇಳಿದಳು. ಎಲ್ಲರಿಗೂ ಉಸಿರಾಡಲು ಒಂದು ನೆಪ ಸಿಕ್ಕಿತು. ಅವಳ ಜೊತೆ ಅಪ್ಪನೂ ಮೇಲೆ ಹೋದ.

ಅಜ್ಜಿ ಬಹಳ ಹೊತ್ತು ಅಂಗಡಿಯಲ್ಲೇ ಅದನ್ನೂ ಇದನ್ನೂ ಸರಿಮಾಡುತ್ತ ಸುಳಿದಾಡಿದಳು. ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದಳು. ಆಮೇಲೆ ಮಗಳ ಹಾಸಿಗೆಯ ಬಳಿ ಬಂದು, ಮೇಲೆ ಕೈಯಾಡಿಸಿದವಳು ಥಟ್ಟನೆ ಕೈ ಎಳೆದುಕೊಂಡಳು. ಗೇಣುದ್ದದ ದಬ್ಬಳ ಅಲ್ಲೇ ಚುಚ್ಚಿಕೊಂಡಿತ್ತು. ಹಾಸಿಗೆಯಲ್ಲಿ ಸೂಜಿ ಬಿಟ್ಟು ಕೈ ತೆಗೆಯುವುದೆಂದರೆ ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು. ಲೆಕ್ಕದ ಮೇಜಿನ ಹಿಂದೆ ನಿಂತಿದ್ದ ಸೊಸೆ ಪುಸ್ತಕದಿಂದ ತಲೆ ಎತ್ತಿದಳು.

"ಏ ಹಾಳಾದವಳೇ!" ಎಂದಳು ಅಜ್ಜಿ. ಮೊದಲ ಮಾತು ಒಡೆದು ಬಂತು, ಎರಡನೆಯದಕ್ಕೆ ಹಳೆಯ ಗಂಟಲು ಸಿಕ್ಕಿತು. "ಹಾಸಿಗೇಲಿ ದಬ್ಬಳ ಬಿಟ್ಟು ಕೂತಿದ್ದೀಯಲ್ಲ, ಕಣ್ಣು ಎಲ್ಲಿ ಅಡ ಇಟ್ಟು ಬಂದಿದ್ದೀಯ? ಕತ್ತೆ ವಯಸ್ಸಾಯ್ತು, ಇಷ್ಟೂ ಗೊತ್ತಾಗಬೇಡ್ವಾ? ಮಲಗೋ ಪುಣ್ಯಾತ್ಮನ ಬೆನ್ನೇನು ಗೋಣಿಚೀಲಾನಾ? ತೆಗಿ ಮೊದಲು ಅದನ್ನ!"

ಸಣ್ಣತ್ತೆ ತಲೆ ತಗ್ಗಿಸಿ ದಬ್ಬಳ ಕಿತ್ತಳು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೂ ಏನೇನೋ ಗೊಣಗುತ್ತ ಒಳಗೆ ಹೊರಟಳು.

ಸಣ್ಣತ್ತೆ ದಬ್ಬಳವನ್ನು ಬೆರಳುಗಳ ನಡುವೆ ತಿರುಗಿಸುತ್ತ ಸ್ವಲ್ಪ ಹೊತ್ತು ಕೂತಳು. ಅಮ್ಮ ಬಾಗಿಲು ದಾಟಿದ ಮೇಲೆ, ಅದನ್ನು ಮತ್ತೆ ಮೊದಲಿದ್ದ ಜಾಗಕ್ಕೇ ಮೆಲ್ಲಗೆ ಚುಚ್ಚಿದಳು. ಚೆನ್ನಾಗಿ ಕಾಣುವ ಹಾಗೆ ಹತ್ತಿಯನ್ನು ಸುತ್ತಲೂ ತಟ್ಟಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಳಬಾಗಿಲ ಕಡೆ ನೋಡುತ್ತ ಕೂತಳು.